ಗಾಳಿಗೆ ಅಡ್ಡ ಕೂತ ಹೆಂಗಸು

ಸಲೀನಾ ಸೈಕ್ಸ್ ನಕ್ಕರೆ ಚಿತ್ರ ಅಚ್ಚಾಗುತ್ತಿತ್ತು, ನಗದಿದ್ದರೆ ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. ಹ್ಯಾಲಿಫ್ಯಾಕ್ಸಿನ ಹೋಲ್ರಾಯ್ಡ್ ಕಲ್ಲಚ್ಚಿನ ಮನೆಯಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಮೂಡಿಸಿ ಕಾಗದಕ್ಕೆ ಒತ್ತುವ ಮುದ್ರಣಾಲಯದಲ್ಲಿ, ಹನ್ನೊಂದು ವರ್ಷದಿಂದ ನಡೆದುಕೊಂಡು ಬಂದ ಕಾನೂನು ಇದು. ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ಬರೆದಿಟ್ಟ ಎಷ್ಟೋ ಕಾನೂನುಗಳಿಗಿಂತ ಗಟ್ಟಿಯಾಗಿತ್ತು. ಯಾರ್ಕ್‌ಷೈರಿನ ಕಡಲ ದಂಡೆಯ ಅಂಗಡಿಗಳಲ್ಲಿ ಸಾಲಾಗಿ ತೂಗುತ್ತಿದ್ದ ನಗೆ ಕಾರ್ಡುಗಳನ್ನು ನೀವು ನೋಡಿರಬೇಕು. ಆ ಕೆಂಪು ಮೂಗಿನ ಕುಡುಕರು, ಹೆಂಡತಿಗೆ ಹೆದರಿ ಮಂಚದ ಕೆಳಗೆ ಸೇರಿದ ಗಂಡಂದಿರು, ಪೆಟ್ಟಿಗೆ ಸಮೇತ ಬಾಗಿಲಲ್ಲಿ ಪ್ರತ್ಯಕ್ಷರಾದ ಅತ್ತೆಯರು. ಇವರಲ್ಲಿ ಎಷ್ಟೋ ಜನ ಲೋಕದ ಬೆಳಕು ಕಂಡದ್ದು ಈ ಒಬ್ಬ ಹೆಂಗಸಿನ ಹೊಟ್ಟೆ ಕುಲುಕಿದ್ದರಿಂದ.

ಹೊಟ್ಟೆಯೇನು ಸಣ್ಣದಲ್ಲ. ಸಲೀನಾ ದಪ್ಪ ಹೆಂಗಸು. ಸುತ್ತಿ ಬಳಸಿ ಹೇಳಿ ಮುಚ್ಚಿಡುವಂಥ ದಪ್ಪ ಅಲ್ಲ. ಟ್ರಾಮಿನಲ್ಲಿ ಅವಳು ಕೂತರೆ ಪಕ್ಕದವರು ತಾವಾಗಿಯೇ ಎದ್ದು ಕಂಬಿ ಹಿಡಿಯುತ್ತಿದ್ದರು. ಹನ್ನೆರಡನೆಯ ವಯಸ್ಸಿಗೆ ಉಣ್ಣೆಯ ಗಿರಣಿ ಸೇರಿದಳು, ಮೂವತ್ತಕ್ಕೆ ಹೋಲ್ರಾಯ್ಡರ ಕಟ್ಟುವ ಕೋಣೆಗೆ ಬಂದಳು. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಹೊಸಿಲು ದಾಟಲಿಲ್ಲ. ಈಗ ಅವಳಿಗೆ ನಲವತ್ತೊಂದು. ಅವಳ ಕೈಕೆಳಗೆ ಎಂಟು ಹುಡುಗಿಯರು ಉದ್ದನೆಯ ಮೇಜಿನ ಎರಡೂ ಕಡೆ ಕೂತು ಕಾರ್ಡುಗಳನ್ನು ಡಜನ್ ಡಜನ್ ಜೋಡಿಸಿ, ಕಾಗದದ ಪಟ್ಟಿ ಸುತ್ತಿ ಅಂಟಿಸುತ್ತಿದ್ದರು.

ಕಾನೂನು ಹುಟ್ಟಿದ್ದು ಯಜಮಾನರ ಸಂಕಟದಿಂದ. ಎಜ್ರಾ ಹೋಲ್ರಾಯ್ಡ್ ಒಳ್ಳೆಯ ಮನುಷ್ಯರು. ಭಾನುವಾರ ಚಾಪೆಲಿನಲ್ಲಿ ಉಪದೇಶ ಹೇಳುವವರು, ಬಿಯರಿನ ವಾಸನೆ ಬಂದರೆ ಬೀದಿಯ ಆಚೆ ಬದಿ ಹಿಡಿಯುವವರು. ಅವರ ತಂದೆ ಸ್ತೋತ್ರದ ಹಾಳೆ, ಸಾವಿನ ಕಾರ್ಡು ಅಚ್ಚು ಹಾಕಿ ಬಾಳಿದವರು. ದೇಶಕ್ಕೆಲ್ಲ ಅಂಚೆ ಕಾರ್ಡಿನ ಹುಚ್ಚು ಹಿಡಿದಾಗ ಮಗ ನಗೆ ಕಾರ್ಡಿಗೆ ಇಳಿದರು. ಇಳಿದ ಮೇಲೆ ಗೊತ್ತಾಯಿತು, ಯಾವುದಕ್ಕೆ ನಗಬೇಕು ಎಂಬುದು ತಮಗೆ ಹೊಳೆಯುವುದೇ ಇಲ್ಲ ಎಂದು. ವೈದ್ಯರು ರೋಗಿಯ ನಾಲಿಗೆ ನೋಡುವ ಹಾಗೆ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡುತ್ತಿದ್ದರು. "ಈ ಮನುಷ್ಯ ಬಿದ್ದನಲ್ಲಾ, ಪೆಟ್ಟಾಗಲಿಲ್ವೇನಪ್ಪಾ?" ಎಂದು ಚಿತ್ರಗಾರನನ್ನೇ ಕೇಳುತ್ತಿದ್ದರು. ಒಮ್ಮೆ ಹೀಗೆ ಒಂದು ಚಿತ್ರ ಹಿಡಿದು ತಲೆ ಕೆರೆದುಕೊಳ್ಳುತ್ತ ಕಟ್ಟುವ ಕೋಣೆಗೆ ಬಂದಾಗ ಸಲೀನಾ ಇಣುಕಿ ನೋಡಿ ನಕ್ಕುಬಿಟ್ಟಳು. ಅವಳ ನಗು ಮೊದಲು ಭುಜಕ್ಕೆ ಬರುತ್ತದೆ, ಅಲ್ಲಿಂದ ಹೊಟ್ಟೆಗಿಳಿದು ಕುದಿಯುವ ಪಾತ್ರೆಯ ಮುಚ್ಚಳದಂತೆ ಕುಣಿಯುತ್ತದೆ, ಬಾಯಿಗೆ ಬರುವಷ್ಟರಲ್ಲಿ ಕೋಣೆಯಲ್ಲಿ ಯಾರೂ ನೆಟ್ಟಗೆ ನಿಂತಿರುವುದಿಲ್ಲ. ಆ ಚಿತ್ರ ಅಚ್ಚಾಯಿತು. ಒಂದೇ ಬೇಸಗೆಯಲ್ಲಿ ಕಲ್ಲು ಸವೆಯುವಷ್ಟು ಖರ್ಚಾಯಿತು. ಯಜಮಾನರಿಗೆ ದಾರಿ ಸಿಕ್ಕಿತು.

ಅಂದಿನಿಂದ ಪ್ರತಿ ಸೋಮವಾರ, ಮಧ್ಯಾಹ್ನದ ಊಟಕ್ಕೆ ಯಂತ್ರಗಳು ನಿಲ್ಲುವ ಹೊತ್ತಿಗೆ, ಆ ವಾರ ಬಂದ ಚಿತ್ರಗಳು ಮೇಜಿನ ಮೇಲೆ ಮೆರವಣಿಗೆ ಹೊರಡುತ್ತಿದ್ದವು. ಯಜಮಾನರು ನ್ಯಾಯವಂತರು. ಚಿತ್ರಗಾರನ ಹೆಸರು ಕಾಣದಂತೆ ಮೂಲೆಗೆ ಕಾಗದದ ಚೂರು ಅಂಟಿಸುತ್ತಿದ್ದರು. ಚಿತ್ರ ಈ ತುದಿಯಿಂದ ಕೈಯಿಂದ ಕೈಗೆ ದಾಟಿ ಆ ತುದಿಯಲ್ಲಿ ಕೂತ ಸಲೀನಾಳನ್ನು ಮುಟ್ಟಬೇಕು. ನಕ್ಕರೆ ಬಲಗಡೆಯ ತಟ್ಟೆಗೆ, ಇಲ್ಲದಿದ್ದರೆ ಎಡಗಡೆಯ ತಟ್ಟೆಗೆ. ಚಿತ್ರಗಾರರು ಬಾಗಿಲಾಚೆ ಟೋಪಿ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಅವರಲ್ಲಿ ಸಿಡ್ನಿ ಫರ್ತ್ ಎಂಬವನದು ಮೇಲುಗೈ. ಹೆಂಡದಂಗಡಿಗಳ ಬೋರ್ಡು ಬರೆಯುತ್ತಿದ್ದ ಆಸಾಮಿ. ಕೈ ಚೆನ್ನಾಗಿತ್ತು, ನಾಲಿಗೆ ಅದಕ್ಕಿಂತ ಚೆನ್ನಾಗಿತ್ತು. ಅವನ ಕಾರ್ಡುಗಳಲ್ಲಿ ಯಾವಾಗಲೂ ಒಬ್ಬಳು ದಪ್ಪ ಹೆಂಡತಿ, ಒಬ್ಬ ಕಡ್ಡಿ ಗಂಡ. ಹೆಂಡತಿ ಕುರ್ಚಿ ಮುರಿದುಕೊಂಡು ಬೀಳುತ್ತಾಳೆ, ಕತ್ತೆಯ ಮೇಲೆ ಕೂತು ಕತ್ತೆಯನ್ನು ಕೂರಿಸುತ್ತಾಳೆ, ನೀರಿಗಿಳಿದರೆ ಅಲೆ ಬಂದು ದಂಡೆಯವರನ್ನೆಲ್ಲ ತೋಯಿಸುತ್ತದೆ. ಸೋಮವಾರ ಬೆಳಿಗ್ಗೆ ಹಂದಿ ಮಾಂಸದ ಕಡುಬು ತಂದು ಸಲೀನಾಳ ಮುಂದಿಡುತ್ತಿದ್ದ.

"ಲಂಚ ಅಲ್ಲ ಸಲೀನಮ್ಮಾ, ನಿನ್ನ ನಗುವಿಗೆ ಎಣ್ಣೆ," ಎನ್ನುತ್ತಿದ್ದ.

"ಕಡುಬು ತಿಂದು ನಿನ್ನ ಚಿತ್ರ ನೋಡಿದ್ರೆ ಕಡುಬಿಗೆ ಅವಮಾನ ಕಣೋ," ಎಂದು ಅವಳು ಕಡುಬನ್ನು ಒಂಬತ್ತು ಚೂರು ಮಾಡಿ ಹುಡುಗಿಯರಿಗೆ ಹಂಚುತ್ತಿದ್ದಳು. ಆಮೇಲೆ ಅವನ ಚಿತ್ರಕ್ಕೆ ನಗುತ್ತಿದ್ದಳು ಕೂಡ. ನಿಜವಾಗಿಯೇ ನಗುತ್ತಿದ್ದಳು. ಬೀಳುವುದನ್ನು ನೋಡಿದರೆ ಯಾರಿಗೆ ನಗು ಬರುವುದಿಲ್ಲ?

ಹೋದ ವರ್ಷದ ವೇಕ್ಸ್ ವಾರದವರೆಗೆ ಹೀಗೇ ನಡೆಯಿತು. ಊರಿನ ಗಿರಣಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕಿ, ಊರಿಗೆ ಊರೇ ರೈಲು ಹತ್ತಿ ಸಮುದ್ರಕ್ಕೆ ಹೋಗುವ ವಾರ ಅದು. ಸಲೀನಾ ಬ್ರಿಡ್ಲಿಂಗ್ಟನ್ನಿನ ದಂಡೆಯ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಮೂವರು ಪಡ್ಡೆ ಹುಡುಗರು. ಅವರಲ್ಲೊಬ್ಬ ಒಂದು ಕಾರ್ಡು ಎಳೆದು, ಅದನ್ನು ಸಲೀನಾಳ ಬೆನ್ನಿನ ಪಕ್ಕ ಹಿಡಿದು, ಒಮ್ಮೆ ಕಾರ್ಡು ಒಮ್ಮೆ ಅವಳು ಎಂದು ಅಳೆದು ನೋಡಿದ. ಮಿಕ್ಕವರು ಬಿದ್ದು ಬಿದ್ದು ನಕ್ಕರು. ಅವಳು ತಿರುಗಿ ಕಾರ್ಡು ನೋಡಿದಳು. ಸಿಡ್ನಿಯ ಕತ್ತೆಯ ಕಾರ್ಡು. ಅವಳೇ ನಕ್ಕು ಬಲಗಡೆಯ ತಟ್ಟೆಗೆ ಹಾಕಿಸಿದ್ದು. ಹುಡುಗರ ಮೇಲೆ ಸಿಟ್ಟೂ ಬರಲಿಲ್ಲ, ಮುಖ ಮಾತ್ರ ಉರಿದುಹೋಯಿತು. ಅವತ್ತು ಸಂಜೆಯವರೆಗೆ ಅವಳು ಸುಮ್ಮನೆ ಬೆಂಚಿನ ಮೇಲೆ ಕೂತು ಅಂಗಡಿಯನ್ನೇ ನೋಡಿದಳು. ತನ್ನಂಥ ಹೆಂಗಸರು ಎಷ್ಟೋ ಜನ ಬಂದರು. ಪ್ರತಿಯೊಬ್ಬಳೂ ಕಾರ್ಡಿನ ಸಾಲಿನ ಹತ್ತಿರ ಬಂದ ಕೂಡಲೆ ಸಮುದ್ರದಲ್ಲಿ ಏನೋ ಕಂಡವಳಂತೆ ಮುಖ ಆಚೆ ತಿರುಗಿಸಿ ದಾಟಿ ಹೋದಳು. ತಾನೂ ಹತ್ತು ವರ್ಷ ಹಾಗೆಯೇ ದಾಟಿದ್ದೆ ಎಂಬುದು ಅವಳಿಗೆ ಆಗ ಹೊಳೆಯಿತು.

ಊರಿಗೆ ಬಂದವಳೇ ಪೆನ್ಸಿಲು ಹಿಡಿದಳು. ಚಿಕ್ಕವಳಿದ್ದಾಗ ಹೊಸಿಲು ಉಜ್ಜುವ ಕಲ್ಲಿನಿಂದ ಮೆಟ್ಟಿಲ ಮೇಲೆಲ್ಲ ಮುಖ ಬರೆದು ಅಮ್ಮನ ಕೈಲಿ ಏಟು ತಿಂದಿದ್ದಳು. ಅದು ಬಿಟ್ಟರೆ ಕಲಿತದ್ದೆಲ್ಲ ಕಣ್ಣಿನಿಂದ. ಸಾವಿರಾರು ಚಿತ್ರ ನೋಡಿದವಳಿಗೆ ಗೆರೆ ಎಲ್ಲಿ ಸುಳ್ಳು ಹೇಳುತ್ತದೆ ಎಂದು ಗೊತ್ತಿರುವುದಿಲ್ಲವೇ? ಭಾನುವಾರ ಮಧ್ಯಾಹ್ನ, ಚಾಪೆಲಿನಿಂದ ಬಂದು, ಪರದೆ ಎಳೆದು ಬರೆದಳು. ಅಳಿಸಿದಳು. ಮತ್ತೆ ಬರೆದಳು. ಹತ್ತು ತಿಂಗಳು ಹಿಡಿಯಿತು.

ಚಿತ್ರ ಹೀಗಿತ್ತು. ಕಡಲ ದಂಡೆ, ಬಿರುಗಾಳಿ. ಟೋಪಿಗಳು ಆಕಾಶದಲ್ಲಿವೆ, ಕೊಡೆಗಳು ಹಿಂದುಮುಂದಾಗಿವೆ, ಒಬ್ಬ ಮುದುಕ ತನ್ನ ಕುರ್ಚಿಯ ಹಿಂದೆ ಓಡುತ್ತಿದ್ದಾನೆ. ನಡುವೆ ಒಬ್ಬಳು ದಪ್ಪ ತಾಯಿ ಗಾಳಿಗೆ ಮುಖ ಕೊಟ್ಟು ಮುಕ್ಕಾಲಿಯ ಮೇಲೆ ಕೂತು ಕಾಲುಚೀಲ ಹೆಣೆಯುತ್ತಿದ್ದಾಳೆ. ಅವಳ ಬೆನ್ನಿನ ಮರೆಯಲ್ಲಿ ಒಂದು ಎಲೆಯೂ ಅಲುಗುತ್ತಿಲ್ಲ. ಅಲ್ಲಿ ಗಂಡ ಆರಾಮಾಗಿ ಪತ್ರಿಕೆ ಓದುತ್ತಿದ್ದಾನೆ, ಆರು ಮಕ್ಕಳು ಬ್ರೆಡ್ಡು ತಿನ್ನುತ್ತಿವೆ. ಅವರ ಹಿಂದೆ, ಯಾರ ಮನೆಯವರೋ ಏನೋ, ಒಬ್ಬ ಪಾದ್ರಿ, ಪೈಪಿಗೆ ಬೆಂಕಿ ಹಚ್ಚುತ್ತಿರುವ ಒಬ್ಬ ಪೊಲೀಸು, ಒಂದು ಕತ್ತೆ, ಕೊನೆಯಲ್ಲಿ ಒಂದು ನಾಯಿ, ಎಲ್ಲರೂ ಶಿಸ್ತಾಗಿ ಸಾಲು ಹಿಡಿದು ಆಸರೆ ಪಡೆದಿದ್ದಾರೆ. ತಾಯಿಯ ಮುಖದಲ್ಲಿ ರಾಣಿಯ ಗತ್ತು. ಕೆಳಗೆ ಮಾತು ಒಂದೂ ಇಲ್ಲ.

ಅದನ್ನು ಟಾಡ್ಮಾರ್ಡನ್ನಿನ ಚಿಕ್ಕಮ್ಮನ ವಿಳಾಸದಿಂದ ಅಂಚೆಗೆ ಹಾಕಿದಳು. ಮೂಲೆಯಲ್ಲಿ ಎಸ್. ಸೈಕ್ಸ್ ಎಂದು ರುಜು. ಆ ಕಣಿವೆಯಲ್ಲಿ ಕಲ್ಲೆಸೆದರೆ ಒಬ್ಬ ಸೈಕ್ಸನಿಗೆ ತಾಗುತ್ತದೆ, ಯಜಮಾನರಿಗೆ ಅನುಮಾನ ಬರಲಿಲ್ಲ. ಅವಳಿಗೆ ಬೇಕಾದದ್ದು ಹಣವಲ್ಲ. ಆ ತಾಯಿ ಅಂಗಡಿಯ ಸಾಲಿನಲ್ಲಿ ತೂಗಬೇಕು, ಅವಳ ಕೆಳಗೆ ತನ್ನ ಹೆಸರಿರಬೇಕು. ಇಷ್ಟು ಆಸೆಯಿಂದ ಅವಳು ಹಿಂದೆ ಯಾವುದನ್ನೂ ಬಯಸಿದವಳಲ್ಲ.

ಆ ಸೋಮವಾರ ಬಂತು. ಐದು ಚಿತ್ರಗಳು. ಮೊದಲಿನದಕ್ಕೆ ನಕ್ಕಳು, ಎರಡನೆಯದಕ್ಕೆ ಇಲ್ಲ. ಮೂರನೆಯದು ಮೇಜಿನ ಆ ತುದಿಯಲ್ಲಿ ಕಾಣಿಸಿತು, ಸಲೀನಾಳದೇ. ತಾನು ನಗಬಾರದು, ಅದು ಮೋಸ. ಆದರೆ ಹುಡುಗಿಯರು ನಗುತ್ತಾರೆ, ನಕ್ಕೇ ನಗುತ್ತಾರೆ. ಮೇಬಲ್ ಕೈಗೆ ಬಂತು. ಮೇಬಲ್ ಚಿತ್ರದತ್ತ ಒಂದು ಕಣ್ಣು ಹಾಯಿಸಿ, ತಲೆಯೆತ್ತಿ ಸಲೀನಾಳ ಮುಖ ನೋಡಿದಳು. ಮುಂದಿನವಳಿಗೆ ದಾಟಿಸಿದಳು. ಅವಳೂ ಹಾಗೆಯೇ. ಪಾಲಿಯೂ ಹಾಗೆಯೇ. ಎಂಟು ಹುಡುಗಿಯರು, ಎಂಟು ಜೊತೆ ಕಣ್ಣು, ಎಲ್ಲವೂ ಅವಳ ಮುಖದ ಮೇಲೆ. ಚಿತ್ರವನ್ನು ಯಾರೂ ನೋಡುತ್ತಿರಲಿಲ್ಲ. ಇವಳ ಭುಜ ಕುಣಿಯುತ್ತದೋ ಇಲ್ಲವೋ ಎಂದು ಕಾಯುತ್ತಿದ್ದರು.

ಅಯ್ಯೋ ದೇವರೇ, ಎಂದುಕೊಂಡಳು ಸಲೀನಾ. ಇಷ್ಟು ವರ್ಷವೂ ಹೀಗೆಯೇ ಇತ್ತೇ?

ಚಿತ್ರ ಅವಳ ಕೈಗೆ ಬಂತು. ಅವಳು ನಗಲಿಲ್ಲ. ಕೋಣೆ ನಗಲಿಲ್ಲ. ಯಜಮಾನರು ಗಡಿಯಾರ ನೋಡಿ, ಅದನ್ನು ತೆಗೆದು ಎಡಗಡೆಯ ತಟ್ಟೆಗೆ ಹಾಕಿ, ನಾಲ್ಕನೆಯದಕ್ಕೆ ಕೈ ಹಾಕಿದರು.

"ತಡೀರಿ ಯಜಮಾನ್ರೇ," ಎಂದಳು ಸಲೀನಾ. ಎದ್ದು ನಿಂತಾಗ ಬೆಂಚು ಕಿರುಗುಟ್ಟಿತು. "ಅದು ನಂದು."

"ಯಾವುದು?"

"ಆ ಚಿತ್ರ. ನಾನೇ ಬರೆದದ್ದು. ಅದಕ್ಕೇ ನಗಲಿಲ್ಲ. ಇವರು ನೋಡೇ ಇಲ್ಲ, ನನ್ನ ಮುಖ ನೋಡ್ತಾ ಕೂತಿದ್ದಾರೆ. ಏ ಪಾಲಿ, ಈಗ ಏನು ನೋಡ್ದೆ ಹೇಳು?"

ಪಾಲಿ ಕೆಂಪಾದಳು. "ಅದು... ಸಮುದ್ರ ಅಲ್ವಾ ಸಲೀನಕ್ಕಾ?"

ಬಾಗಿಲಾಚೆ ನಿಂತಿದ್ದ ಸಿಡ್ನಿ ಫರ್ತ್ ಒಳಗೇ ಬಂದುಬಿಟ್ಟ. "ಭೇಷ್! ತೂಗೋಳೇ ಎದ್ದು ತಕ್ಕಡೀಲಿ ಕೂತುಬಿಟ್ಲು. ಸಲೀನಮ್ಮಾ, ಮುಂದಿನ ವಾರ ಯಜಮಾನ್ರೂ ಒಂದು ಬರೀತಾರಂತೆ!"

"ಬಾಯ್ಮುಚ್ಚೋ. ನಿನ್ನ ಕತ್ತೆ ನನ್ನ ಮೇಲೆ ಒಂದು ವರ್ಷದಿಂದ ಕೂತಿದೆ," ಎಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೆ ಬಾಯಿ ಮುಚ್ಚಿದ.

ಅಷ್ಟರಲ್ಲಿ ಹುಡುಗಿಯರು ತಟ್ಟೆಯ ಮೇಲೆ ಮುಗಿಬಿದ್ದಿದ್ದರು. ಈ ಸಲ ನಿಜವಾಗಿ ನೋಡಿದರು. "ಪೊಲೀಸ್ನೋನ್ನ ನೋಡ್ರೇ!" "ನಾಯಿ! ನಾಯೀನೂ ಸಾಲಲ್ಲಿ ನಿಂತಿದೆ!" ಎಂದು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಲೀನಾಳ ಮೈಯೆಲ್ಲ ಬೆಚ್ಚಗಾಯಿತು. ತಾನು ಶುರು ಮಾಡದ ನಗುವನ್ನು ಆ ಕೋಣೆಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

ಹೋಲ್ರಾಯ್ಡ್ ತಲೆಯಾಡಿಸಿದರು. "ಇದು ಲೆಕ್ಕಕ್ಕಿಲ್ಲಮ್ಮಾ. ನಿನ್ನದು ಅಂತ ಗೊತ್ತಾದ ಮೇಲೆ ನಕ್ಕಿದ್ದು. ಪ್ರೀತಿಗೆ ನಕ್ಕಿದ್ದು."

"ಹಾಗಾದ್ರೆ ಇಷ್ಟು ವರ್ಷ ಇವರು ನಕ್ಕಿದ್ದು ಯಾತಕ್ಕೆ? ಅದೂ ನನ್ನ ಮುಖ ನೋಡಿ ತಾನೆ?"

ತಮ್ಮ ವ್ಯಾಪಾರವೆಲ್ಲ ಒಬ್ಬಳ ಭುಜದ ಮೇಲೆ ನಿಂತಿದೆ ಎಂಬುದು ಯಜಮಾನರಿಗೂ ಆಗಲೇ ತಟ್ಟಿದ್ದು. ಬೇರೆ ಯಜಮಾನ ಆಗಿದ್ದರೆ ಕೂಗಾಡುತ್ತಿದ್ದ. ಇವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನಿನ್ನ ಪರಿಚಯ ಇಲ್ದೋರು ನೋಡ್ಬೇಕು," ಎಂದರು ಕೊನೆಗೆ. "ಬರೋ ಶನಿವಾರ ವೇಕ್ಸ್ ರೈಲು. ಬ್ರಿಡ್ಲಿಂಗ್ಟನ್ನಿನ ಅಂಗಡೀಲಿ ಇದನ್ನ ತೂಗಿಸೋಣ. ನಾನೂ ಬರ್ತೀನಿ. ವಾಪಸ್ ರೈಲಿಗೆ ಹೊರಡೋದ್ರೊಳಗೆ ಗೊತ್ತಿಲ್ಲದ ಒಬ್ಬರು ಇದನ್ನ ನೋಡಿ ಬಾಯಿಬಿಟ್ಟು ನಗಬೇಕು. ಮುಗುಳ್ನಗೆ ಆಗೋದಿಲ್ಲ. ನಕ್ಕರೆ ಎಲ್ಲಾ ಬಣ್ಣಾನೂ ಕಲ್ಲಿಗೆ ಹಾಕ್ಸೋಣ. ಇಲ್ದಿದ್ರೆ ನೀನು ಚಿತ್ರ ಬರೆಯೋದು ಅಲ್ಲಿಗೆ ಬಿಡು, ಮೊದಲಿನ ಹಾಗೇ ಇಲ್ಲಿ ಕೂತು ನಗು."

"ನಾನು ಎಲ್ಲಿರ್ಲಿ?"

"ನನ್ನ ಪಕ್ಕ. ಬಾಯಿ ಮುಚ್ಕೊಂಡು. ನೀನು ನಕ್ಕರೆ ಸಮುದ್ರಾನೂ ನಗುತ್ತೆ."

ಆ ವಾರ ಕಟ್ಟುವ ಕೋಣೆಯಲ್ಲಿ ಹಬ್ಬ. ಪರೀಕ್ಷೆಗೆಂದು ಕಪ್ಪು ಗೆರೆಗೆ ಮಾತ್ರ ಒಂದು ಕಲ್ಲು ಮಾಡಿ ನಲವತ್ತು ಕಾರ್ಡು ತೆಗೆದರು. ಬಣ್ಣ ಕೈಯಲ್ಲೇ ತುಂಬಬೇಕು. ಊಟದ ಹೊತ್ತಿನಲ್ಲಿ ಒಬ್ಬೊಬ್ಬ ಹುಡುಗಿ ಒಂದೊಂದು ಬಣ್ಣ ಹಿಡಿದಳು. ಮೇಬಲ್ ಸಮುದ್ರಕ್ಕೆ ನೀಲಿ, ಪಾಲಿ ತಾಯಿಯ ಅಂಗಿಗೆ ಹಳದಿ. "ಯಾರೂ ಮೂಗಿಗೆ ಕೆಂಪು ಹಾಕ್ಬೇಡಿ, ಹಾಕಿದ್ರೆ ಕೈ ಮುರೀತೀನಿ," ಎಂದು ಸಲೀನಾ ಮೇಜಿನ ಸುತ್ತ ಕಾವಲು ತಿರುಗಿದಳು. ಶುಕ್ರವಾರ ಸಿಡ್ನಿ ಕಡುಬಿಲ್ಲದೆ ಬಂದ. ಒಂದು ಕಾರ್ಡು ಎತ್ತಿ ಬಹಳ ಹೊತ್ತು ನೋಡಿದ. "ಪಾದ್ರಿಯ ಎಡಗೈ ಬಲಗೈ ಆಗಿದೆ," ಎಂದು ಹೇಳಿ ಹೊರಟುಹೋದ. ನೋಡಿದರೆ ಹೌದು, ಆಗಿತ್ತು. ನಲವತ್ತರಲ್ಲೂ ಆಗಿತ್ತು. ಈಗ ಮಾಡುವುದೇನೂ ಇರಲಿಲ್ಲ.

ಶನಿವಾರ ರೈಲು ಇಳಿದಾಗ ಬ್ರಿಡ್ಲಿಂಗ್ಟನ್ನಿನಲ್ಲಿ ಬಿಸಿಲು. ದಂಡೆಯ ತುಂಬ ಜನ, ಬ್ಯಾಂಡಿನವರ ತುತ್ತೂರಿ, ವಿನಿಗರ್ ಸುರಿದ ಚಿಪ್ಪುಮೀನಿನ ವಾಸನೆ. ಅಂಗಡಿಯ ಮಿಸೆಸ್ ಪಿಕರಿಂಗ್ ಕಾರ್ಡನ್ನು ಮೇಲಿನ ಸಾಲಿನಲ್ಲೇ ತೂಗಿಸಿದಳು. ಹತ್ತು ಹೆಜ್ಜೆ ಆಚೆ, ಬೆಂಚಿನ ಮೇಲೆ, ಚಾಪೆಲಿನ ಕಪ್ಪು ಕೋಟು ತೊಟ್ಟ ಹೋಲ್ರಾಯ್ಡ್. ಅವರ ಪಕ್ಕ ಸಲೀನಾ. ಬಾಯಿ ತಡೆಯಲಿ ಎಂದು ಒಂದು ಪೊಟ್ಟಣ ಪೆಪ್ಪರ್‌ಮಿಂಟು ಕೊಂಡಿದ್ದಳು.

ಮೊದಲು ಒಬ್ಬ ಸಿಪಾಯಿ ಬಂದ. ಕಾರ್ಡು ನೋಡಿದ, ತಲೆಯಾಡಿಸಿದ, ಕೊಂಡ, ಹೋದ. ನಗಲಿಲ್ಲ. ಆಮೇಲೆ ಇಬ್ಬರು ಮುದುಕಿಯರು. "ನೋಡೇ, ಚೆನ್ನಾಗಿದೆ," ಎಂದರು. ಮುಗುಳ್ನಕ್ಕರು. ಹೋಲ್ರಾಯ್ಡ್ ಮೆಲ್ಲಗೆ, "ಇದು ಅದಲ್ಲ ಅಲ್ವಾ?" ಎಂದರು. ಅಲ್ಲ ಎಂದು ಸಲೀನಾ ತಲೆಯಲ್ಲಾಡಿಸಿದಳು. ಆಮೇಲೆ ಬಂದ ಒಬ್ಬ ಎಳೆ ಪಾದ್ರಿ ಕಾರ್ಡಿನೊಳಗಿನ ಪಾದ್ರಿಯನ್ನು ನೋಡಿ, ತನ್ನ ಎರಡೂ ಕೈ ನೋಡಿಕೊಂಡು, ಕಾರ್ಡನ್ನು ಇದ್ದಲ್ಲೇ ಇಟ್ಟ. ಸಲೀನಾಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಹನ್ನೆರಡಾಯಿತು, ಒಂದಾಯಿತು, ಮೂರಾಯಿತು. ಕಾರ್ಡು ಆಗೊಂದು ಈಗೊಂದು ಹೋಗುತ್ತಿತ್ತು, ನಗು ಮಾತ್ರ ಇಲ್ಲ. ಹೋಲ್ರಾಯ್ಡರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ಅದರಲ್ಲಿ ನಗು ಎಲ್ಲಿದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀಯಾ?" ಎಂದು ಕೇಳಿದರು. ಸಲೀನಾ ಪೆಪ್ಪರ್‌ಮಿಂಟು ತುಂಬಿದ ಬಾಯಿಯನ್ನು ತೋರಿಸಿ ಕೈ ಬೀಸಿದಳು. ಬಿಡಿಸಿ ಹೇಳಿದರೆ ಸತ್ತುಹೋಗುತ್ತದೆ ಎಂದು ಇವರಿಗೆ ಹೇಳುವುದು ಹೇಗೆ?

ನಾಲ್ಕು ಗಂಟೆಗೆ ಒಂದು ಜೋಡಿ ಬಂತು. ಹುಡುಗಿ ಕಾರ್ಡು ಹಿಡಿದು ಕಿಲಕಿಲ ನಕ್ಕಳು, ಗಟ್ಟಿಯಾಗಿ, ಬಾಯಿಬಿಟ್ಟು. ಹೋಲ್ರಾಯ್ಡ್ ಬೆಂಚಿನಿಂದ ಎದ್ದೇಬಿಟ್ಟರು. "ನಕ್ಕಳು! ಸಲೀನಾ, ನಕ್ಕಳು!"

ಸಲೀನಾಳ ನಾಲಿಗೆಯ ತುದಿಯವರೆಗೆ ಹೌದು ಬಂದಿತ್ತು. ಒಂದು ಹೌದು ಸಾಕಿತ್ತು. ಆದರೆ ಅವಳ ಕೆಲಸವೇ ನಗುವನ್ನು ತೂಗುವುದಲ್ಲವೇ? ಪೆಪ್ಪರ್‌ಮಿಂಟನ್ನು ಕೆನ್ನೆಗೆ ಸರಿಸಿ ಅವಳು ಹೇಳಿದಳು, "ಇಲ್ಲ ಯಜಮಾನ್ರೇ. ಅವನು ಕಿವೀಲಿ ಏನೋ ಹೇಳ್ದ. ಅದಕ್ಕೆ ನಕ್ಕಿದ್ದು. ಕಾರ್ಡು ಅವಳ ಕೈಯಲ್ಲಿ ತಲೆಕೆಳಗಾಗಿದೆ."

ಹೋಲ್ರಾಯ್ಡ್ ಅವಳನ್ನೇ ನೋಡುತ್ತ ಕೂತರು. ಅವರಿಗೆ ನಗು ಗೊತ್ತಾಗುತ್ತಿರಲಿಲ್ಲ, ನಿಯತ್ತು ಗೊತ್ತಾಗುತ್ತಿತ್ತು.

ಐದಕ್ಕೆ ಕಾಲು ಗಂಟೆ ಇತ್ತು. ಐದಕ್ಕೆ ರೈಲಿಗೆ ಏಳಬೇಕು. ಹೋಲ್ರಾಯ್ಡ್ ಗಡಿಯಾರವನ್ನು ಕೈಯಲ್ಲೇ ಹಿಡಿದಿದ್ದರು. ಆಗ ದಾರಿಯ ಆ ಕಡೆಯಿಂದ ಒಬ್ಬ ಹೆಂಗಸು ಬಂದಳು. ದಪ್ಪ ಹೆಂಗಸು, ಸಲೀನಾಳಿಗಿಂತ ಒಂದು ಕೈ ಮೇಲು. ತೋಳಲ್ಲಿ ಬುಟ್ಟಿ, ಪಕ್ಕದಲ್ಲಿ ಗಂಡ. ಕಾರ್ಡಿನ ಸಾಲು ಹತ್ತಿರ ಬಂತು. ಅವಳ ಮುಖ ನೆಟ್ಟಗೆ ಸಮುದ್ರದ ಕಡೆ ತಿರುಗಿತು. ಸಲೀನಾಳಿಗೆ ಹೋಗಿ ಅವಳ ಗಲ್ಲ ಹಿಡಿದು ತಿರುಗಿಸಿ, ನೋಡಮ್ಮಾ, ಇದೊಂದು ನೋಡು ಎನ್ನಬೇಕೆನಿಸಿತು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.

ನಿಂತವನು ಗಂಡ. ಯಾರಿಗೋ ಬರೆಯಲು ಒಂದು ಕಾರ್ಡು ಬೇಕಿತ್ತು ಅವನಿಗೆ. ಮೇಲಿನ ಸಾಲಿಂದ ಒಂದನ್ನು ಎಳೆದ, ನೋಡಿದ, ಹೆಂಡತಿಯ ಕಡೆ ನೋಡಿದ, ಅದನ್ನು ಲಗುಬಗೆಯಿಂದ ಕೋಟಿನ ಹಿಂದೆ ಮಾಡಿದ.

"ಏನ್ರೀ ಅದು?" ಎಂದಳು ಹೆಂಡತಿ, ಸಮುದ್ರದ ಮೇಲಿಂದ ಕಣ್ಣು ತೆಗೆಯದೆ.

"ಏನಿಲ್ಲ ಕಣೇ. ಹಡಗಿನ ಚಿತ್ರ."

"ಹಡಗು ಅಂತೆ ಹಡಗು. ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ ನಿಮ್ಮ ಮೂತಿ. ಕೊಡಿ ಇಲ್ಲಿ."

"ಬೇಡ ಕಣೇ ಎಡಿತ್, ಬೇಜಾರು ಮಾಡ್ಕೋತೀಯ."

ಅವಳು ಕಿತ್ತುಕೊಂಡಳು. ಏಟು ಬೀಳುವುದಕ್ಕೆ ಮೊದಲು ಮುಖ ಗಟ್ಟಿಯಾಗುತ್ತದಲ್ಲ, ಹಾಗಾಗಿತ್ತು ಅವಳ ಮುಖ. ನೋಡಿದಳು. ಬುಟ್ಟಿ ಕೆಳಗಿಟ್ಟಳು. ಕಾರ್ಡನ್ನು ಕಣ್ಣಿನ ಹತ್ತಿರ ತಂದಳು. ಅವಳ ಬೆರಳು ಸಾಲಿನ ಉದ್ದಕ್ಕೂ ಮೆಲ್ಲಗೆ ಹೋಯಿತು. ಗಂಡ, ಮಕ್ಕಳು, ಪಾದ್ರಿ, ಪೊಲೀಸು, ಕತ್ತೆ. ಬೆರಳು ನಾಯಿಯ ಹತ್ತಿರ ನಿಂತಿತು.

"ನಾಯಿ," ಎಂದಳು. ಆಮೇಲೆ ಅದು ಬಂತು. ಭುಜದಿಂದಲೂ ಅಲ್ಲ, ಹೊಟ್ಟೆಯಿಂದಲೂ ಅಲ್ಲ, ಹಿಮ್ಮಡಿಯಿಂದಲೇ ಎದ್ದು ಬಂತು. ಟೋಪಿ ಒಂದು ಕಡೆ ವಾಲಿತು, ಕಣ್ಣಲ್ಲಿ ನೀರು ಸುರಿಯಿತು, ಬ್ಯಾಂಡಿನವರು ತಿರುಗಿ ನೋಡಿದರು. ಕಾರ್ಡಿನ ಸಾಲನ್ನೇ ಆಧಾರಕ್ಕೆ ಹಿಡಿದು ಅವಳು ನಕ್ಕಳು. "ಅಯ್ಯೋ ವಾಲ್ಟರ್, ನಾನು ಕಣ್ರೀ ಇದು! ನೋಡ್ರೀ, ನೀವು ಹಿಂದ್ಗಡೆ ಪತ್ರಿಕೆ ಓದ್ಕೊಂಡು... ಅಯ್ಯಮ್ಮಾ, ಇಡೀ ದಂಡೇನೇ ಸಾಕ್ತಿದೀನಲ್ರೀ ನಾನು!"

ಹೋಲ್ರಾಯ್ಡ್ ಏನೂ ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೂ ಇರಲಿಲ್ಲ. "ಇಷ್ಟು ವರ್ಷದಲ್ಲಿ," ಎಂದರು ತಮ್ಮಷ್ಟಕ್ಕೆ, "ಅಂಥೋರೊಬ್ಬರು ನಮ್ಮ ಸಾಲಿನ ಮುಂದೆ ನಿಂತಿದ್ದು ನಾನು ನೋಡೇ ಇಲ್ಲ."

ಅಲ್ಲಿ ಎಡಿತ್ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಇದು ಎಷ್ಟಿದೆಯೋ ಅಷ್ಟೂ ಕೊಡಮ್ಮಾ. ನಮ್ಮನೇಲಿ ನಾವು ಐದು ಜನ ಅಕ್ಕತಂಗೀರು, ಎಲ್ಲಾ ನನ್ನ ಹಾಗೇನೆ. ಯಾರು ಬರೆದಿದ್ದು ಇದು?"

ಮಿಸೆಸ್ ಪಿಕರಿಂಗ್ ಮೂಲೆಯ ರುಜು ನೋಡಿದಳು. "ಎಸ್. ಸೈಕ್ಸ್ ಅಂತೆ. ಯಾರೋ ಗಂಡಸು ಇರ್ಬೇಕು."

"ಗಂಡಸಾ?" ಎಂದಳು ಎಡಿತ್. "ಹೋಗಮ್ಮಾ. ಗಂಡಸು ಬರೆದಿದ್ರೆ ಇಷ್ಟೊತ್ತಿಗೆ ನನ್ನನ್ನ ಬೀಳಿಸಿರ್ತಿದ್ದ."

ಸಲೀನಾ ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಇಡಿಯಾಗಿ ನುಂಗಿದಳು. ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಸವಾರಿಯ ಕತ್ತೆಗಳ ಸಾಲು ಅಡ್ಡ ಬಂದರೆ ಅವುಗಳ ನಡುವೆಯೇ ನುಗ್ಗಿ ದಾರಿ ದಾಟಿದಳು. ಎಡಿತಳ ಮುಂದೆ ಹೋಗಿ ನಿಂತಾಗ ಏದುಸಿರು.

"ನಾನೇ," ಎಂದಳು. "ನಾನೇ ಬರೆದದ್ದು ಕಣಮ್ಮಾ."

ಎಡಿತ್ ಅವಳನ್ನು ಟೋಪಿಯಿಂದ ಬೂಟಿನವರೆಗೆ ನೋಡಿದಳು. ನಿಧಾನವಾಗಿ ನೋಡಿದಳು. ಅವಳ ಮುಖವೆಲ್ಲ ಅರಳಿತು.

"ಹಂಗೆ ಹೇಳು ಮತ್ತೆ," ಎಂದಳು. ಅಂಗಡಿಯವಳ ಪೆನ್ಸಿಲು ಕಸಿದು ಸಲೀನಾಳ ಕೈಗಿಟ್ಟು, ಕಾರ್ಡನ್ನು ಅವಳ ಮುಂದೆ ಹಿಡಿದಳು. "ಬರೀ ನಿನ್ನ ಹೆಸರು. ಇದೇನಿದು ಎಸ್ಸು ಗಿಸ್ಸು? ಪೂರ್ತಿ ಹೆಸರು ಬರೀ, ನಮ್ಮಕ್ಕತಂಗೀರಿಗೆ ತೋರಿಸ್ಬೇಕು."

ಸಲೀನಾಳ ಕಣ್ಣು ಮಂಜಾಗಿ ಸಮುದ್ರ, ಕತ್ತೆ, ಅಂಗಡಿ ಎಲ್ಲ ಒಂದಾಗಿ ಕಾಣುತ್ತಿದ್ದವು. ಹಾಗೆಯೇ ಆ ತಾಯಿಯ ಕಾಲ ಕೆಳಗೆ, ಚಿತ್ರದ ಮರಳಿನ ಮೇಲೆ, ದೊಡ್ಡದಾಗಿ ಬರೆದಳು: ಸಲೀನಾ ಸೈಕ್ಸ್.

ಹೋಲ್ರಾಯ್ಡ್ ಬಂದು ಅವಳ ಭುಜದ ಹಿಂದೆ ನಿಂತಿದ್ದರು. ಬಗ್ಗಿ ಓದಿದರು. ಗಡಿಯಾರವನ್ನು ಜೇಬಿಗೆ ಹಾಕಿದರು.

"ಕಲ್ಲಿನ ಮೇಲೂ ಹೀಗೇ ಇರಲಿ," ಎಂದರು.